ಮದ್ದು ಬಿಡುವ ಹೋಸು: ಆಯ್ಕೆ, ಅಳತೆ ಮತ್ತು ಜೋಪಾನ



ಮುಂಗಾರು ಹತ್ತಿರವಾಯಿತೆಂದರೆ ನಮ್ಮ ಮನೆಗಳಲ್ಲಿ ಮೈಲುತುತ್ತು ಎಷ್ಟು ಕಿಲೋ ಬೇಕು, ಒಳ್ಳೆಯ ಸುಣ್ಣ ಎಲ್ಲಿ ಸಿಕ್ಕೀತು, ಮರ ಹತ್ತುವವರು ಯಾವ ವಾರ ಬಂದಾರು ಎಂಬ ಮಾತೇ ಮಾತು. ಪಂಪನ್ನು ಹೊರಗೆ ತೆಗೆದು, ಎಣ್ಣೆ ಬದಲಾಯಿಸಿ, ವಾಷರು ನೋಡುವವರೂ ಉಂಟು. ಆದರೆ ಪಂಪಿಗೂ ಗೊನೆಗೂ ನಡುವೆ ನೂರು ಮೀಟರು ಉದ್ದಕ್ಕೆ ಮಲಗಿರುವ ಹೋಸಿನ ವಿಚಾರ ಕೇಳುವವರು ಕಡಿಮೆ. ಅಟ್ಟದ ಮೇಲೆ ಕಳೆದ ವರ್ಷ ಎಸೆದಲ್ಲೇ ಅದು ಇರುತ್ತದೆ. ಮದ್ದು ಬಿಡುವ ದಿನ ಬೆಳಿಗ್ಗೆ ಅದನ್ನು ಕೆಳಗಿಳಿಸುತ್ತೇವೆ. ಒಡೆದರೆ ಪೇಟೆಗೆ ಓಡುತ್ತೇವೆ. ಅಂಗಡಿಯವರು ಕೊಟ್ಟದ್ದನ್ನು ತರುತ್ತೇವೆ.

ನಾವೂ ಹಾಗೆಯೇ ಮಾಡಿದವರು. ಕೆಲವು ವರ್ಷಗಳ ಹಿಂದೆ ಆಟಿ ತಿಂಗಳಲ್ಲಿ ಎರಡನೆಯ ಮದ್ದು ಬಿಡುತ್ತಿದ್ದಾಗ ನಮ್ಮದೇ ತೋಟದಲ್ಲಿ ಹೋಸು ಒಡೆಯಿತು. ಒಡೆದದ್ದು ನೆಲದ ಮೇಲಲ್ಲ. ಮರದ ತುದಿಯಲ್ಲಿ, ಗನ್ನಿನ ಬುಡದಲ್ಲಿ. ತಳೆಯಲ್ಲಿ ಕಾಲಿಟ್ಟು ನಿಂತಿದ್ದವರ ಮುಖಕ್ಕೆ ಮದ್ದು ಎರಚಿತು. ಒಂದು ಕೈಯಲ್ಲಿ ಮರವನ್ನು ಅಪ್ಪಿಕೊಂಡು ಅವರು ಕೂಗಿದ್ದು ಇಷ್ಟೇ: "ಅಣ್ಣಾ, ಪಂಪು ನಿಲ್ಲಿಸಿ, ಕಣ್ಣು ಕಾಣುವುದಿಲ್ಲ." ಅವರು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಇಳಿದು ಬಂದರು. ತೊಳೆದ ಮೇಲೆ ಕಣ್ಣಿಗೆ ಅಪಾಯವಾಗಲಿಲ್ಲ ಎಂಬುದು ದೇವರ ದಯೆ. ಆ ದಿನ ಕೆಲಸ ನಿಂತಿತು. ಮರುದಿನ ಹೊಸ ಹೋಸು ಬರುವಷ್ಟರಲ್ಲಿ ಮಳೆ ಹಿಡಿಯಿತು, ವಾರವಿಡೀ ಬಿಡಲಿಲ್ಲ. ಮದ್ದು ಬೀಳದ ಆ ಮೂಲೆಯಲ್ಲಿ ಹಸಿ ಅಡಿಕೆ ಬುಡಕ್ಕೆ ಹಾಸಿಬಿದ್ದುದನ್ನು ನೋಡಿ ನಾವು ಹೋಸಿನ ಪಾಠ ಕಲಿತೆವು. ಒಡೆದ ಹೋಸಿಗೆ ಮೂರು ವರ್ಷ ಬಿಸಿಲು ಹಿಡಿದಿತ್ತು, ಬುಡದಲ್ಲಿ ಬಿರುಕು ಕಾಣುತ್ತಿತ್ತು. ತಪ್ಪು ನಮ್ಮದೇ.

ಆ ಪಾಠವನ್ನು ಕ್ರಮವಾಗಿ ಇಲ್ಲಿ ಬರೆಯುತ್ತೇವೆ.

1. ಒತ್ತಡ ಯಾಕೆ ಬೇಕು?

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬವರು 1885ರಲ್ಲಿ ಪ್ರಕಟಿಸಿದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಬಂದದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರ ಕೆಲಸದಿಂದ. ಕೊಳೆರೋಗದ ಕುರಿತ ಅವರ ವರದಿ 1910ರಲ್ಲಿ ಹೊರಬಂದಿತು. ಅಂದಿನಿಂದ ಇಂದಿನವರೆಗೆ ಶೇಕಡಾ 1ರ ದ್ರಾವಣವೇ, ಅಂದರೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು, ನಮ್ಮ ಮುಖ್ಯ ಆಧಾರ. ಮೊದಲನೆಯದು ಮಳೆ ಹಿಡಿಯುವ ಮುಂಚೆ. ಎರಡನೆಯದು 40ರಿಂದ 45 ದಿನಗಳ ಬಳಿಕ. ಮಳೆ ಬಿಡದಿದ್ದರೆ ಮೂರನೆಯದು. ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇಕಡಾ ಅರ್ಧದ ದ್ರಾವಣ ಸಾಕು.

ಈ ಮದ್ದು ರೋಗ ಬಂದ ಮೇಲೆ ಗುಣಪಡಿಸುವ ಮದ್ದಲ್ಲ, ಬಾರದಂತೆ ತಡೆಯುವ ಮದ್ದು. ಅಡಿಕೆಯ ಪ್ರತಿಯೊಂದು ಕಾಯಿಯ ಮೇಲೂ ತೆಳ್ಳಗೆ ಲೇಪ ಕೂತರೆ ಮಾತ್ರ ಪ್ರಯೋಜನ. ಕಾಫಿಯಲ್ಲಿಯೂ ಹಾಗೆಯೇ, ತುಕ್ಕು ರೋಗ ಒಳಗೆ ಹೋಗುವುದು ಎಲೆಯ ಅಡಿಭಾಗದಿಂದ, ಆದುದರಿಂದ ಮದ್ದು ಎಲೆಯ ಅಡಿಗೆ ತಾಗಬೇಕು. ನಾಝಲಿನ ಬಳಿ ಸಾಕಷ್ಟು ಒತ್ತಡ ಇದ್ದರೆ ಮದ್ದು ಮಂಜಿನಂತೆ ಹರಡುತ್ತದೆ. ಒತ್ತಡ ಸಾಲದಿದ್ದರೆ ದಪ್ಪ ಹನಿಯಾಗಿ ಬಿದ್ದು, ಒಂದು ಮಗ್ಗುಲು ತೊಯ್ದು, ಇನ್ನೊಂದು ಮಗ್ಗುಲು ಒಣಗಿಯೇ ಉಳಿಯುತ್ತದೆ. ತುಂಬ ಮದ್ದು ಖರ್ಚಾಯಿತು, ಆದರೂ ಕೊಳೆ ಬಂತು ಎಂದು ಹೇಳುವ ಕೆಲವು ತೋಟಗಳಲ್ಲಿ ದೋಷ ಮದ್ದಿನದ್ದಲ್ಲ, ಹೋಸಿನದ್ದು.

2. ಒತ್ತಡ ಎಲ್ಲಿ ಕಳೆದುಹೋಗುತ್ತದೆ?

ಪಂಪಿನ ಗಡಿಯಾರ 20 ಕಿಲೋ ತೋರಿಸಿದರೆ ಗನ್ನಿನ ಬಾಯಲ್ಲಿಯೂ 20 ಕಿಲೋ ಇದೆ ಎಂದು ತಿಳಿಯಬಾರದು. (ಇಲ್ಲಿ ಕಿಲೋ ಒತ್ತಡ ಎಂದರೆ ಚದರ ಸೆಂಟಿಮೀಟರಿಗೆ ಅಷ್ಟು ಕಿಲೋ ಎಂದರ್ಥ.) ದಾರಿಯಲ್ಲಿ ಎರಡು ಬಗೆಯ ತೆರಿಗೆ ಕೊಡಬೇಕು.

ಮೊದಲನೆಯದು ಎತ್ತರದ ತೆರಿಗೆ. ಪ್ರತಿ 10 ಮೀಟರು ಮೇಲೇರಲು 1 ಕಿಲೋ ಒತ್ತಡ ಬೇಕು. ಮರ 15 ಮೀಟರಾದರೆ ಒಂದೂವರೆ ಕಿಲೋ. ಪಂಪು ತೋಟಕ್ಕಿಂತ ಮೇಲಿನ ಅಂಚಿನಲ್ಲಿದ್ದರೆ ಇಳಿಜಾರು ನಮಗೆ ಅಷ್ಟನ್ನು ಮರಳಿ ಕೊಡುತ್ತದೆ. ಕೆಳಗಿನ ಹೊಳೆಯ ಬದಿಯಲ್ಲಿದ್ದರೆ ಇನ್ನಷ್ಟು ಕಸಿಯುತ್ತದೆ. ಗುಡ್ಡದ ಓರೆಯ ಕಾಫಿ ತೋಟದವರು ಇದನ್ನು ಗಮನಿಸಬೇಕು.

ಎರಡನೆಯದು ಉಜ್ಜಾಟದ ತೆರಿಗೆ, ದೊಡ್ಡದು ಇದೇ. ದ್ರಾವಣ ಹೋಸಿನ ಗೋಡೆಗೆ ಉಜ್ಜಿಕೊಂಡು ಹೋಗುವಾಗ ಒತ್ತಡ ಸವೆಯುತ್ತದೆ. ಹೋಸು ಎಷ್ಟು ಉದ್ದವೋ ಅಷ್ಟು ನಷ್ಟ. ಒಳವ್ಯಾಸ ಕಿರಿದಾದರೆ ನಷ್ಟ ವಿಪರೀತ ಏರುತ್ತದೆ: ವ್ಯಾಸ ಅರ್ಧವಾದರೆ ನಷ್ಟ ಇಮ್ಮಡಿಯಲ್ಲ, ಸುಮಾರು 27 ಪಟ್ಟು. ನಿಮಿಷಕ್ಕೆ 10 ಲೀಟರು ಹರಿಯುವಾಗ 100 ಮೀಟರು ಹೋಸಿನಲ್ಲಿ ಆಗುವ ನಷ್ಟವನ್ನು ಲೆಕ್ಕ ಹಾಕಿ ಕೆಳಗೆ ಕೊಟ್ಟಿದ್ದೇವೆ.

ಒಳವ್ಯಾಸ 8.5 ಮಿ.ಮೀ.: ಸುಮಾರು 13 ಕಿಲೋ ನಷ್ಟ, ಹೋಸಿನೊಳಗೆ ನಿಲ್ಲುವ ದ್ರಾವಣ 5.7 ಲೀಟರು.
ಒಳವ್ಯಾಸ 10 ಮಿ.ಮೀ.: ಸುಮಾರು 6 ಕಿಲೋ ನಷ್ಟ, ದ್ರಾವಣ 7.9 ಲೀಟರು.
ಒಳವ್ಯಾಸ 12.5 ಮಿ.ಮೀ.: ಸುಮಾರು 2 ಕಿಲೋ ನಷ್ಟ, ದ್ರಾವಣ 12.3 ಲೀಟರು.

ಇದು ನೀರಿಗೆ ಹಾಕಿದ ಲೆಕ್ಕ. ಸುಣ್ಣದ ಕಣಗಳಿರುವ ಬೋರ್ಡೋ ದ್ರಾವಣಕ್ಕೆ ಸ್ವಲ್ಪ ಹೆಚ್ಚು ಹಿಡಿಯಬೇಕು. ಹರಿವು ಹೆಚ್ಚಿದರೂ ನಷ್ಟ ಏರುತ್ತದೆ. ಒಂದೇ ಹೋಸಿನಿಂದ ಎರಡು ಗನ್ನು ನಡೆಸಿ ನಿಮಿಷಕ್ಕೆ 20 ಲೀಟರು ಎಳೆದರೆ ಮೇಲಿನ ನಷ್ಟ ಹೆಚ್ಚುಕಡಿಮೆ ಮೂರೂವರೆ ಪಟ್ಟು ಆಗುತ್ತದೆ. 8.5 ಮಿ.ಮೀ. ಹೋಸಿನ ತುದಿಗೆ ಕವಲು ಹಾಕಿ ಇಬ್ಬರು ಮದ್ದು ಬಿಟ್ಟರೆ ಇಬ್ಬರಿಗೂ ಮಂಜು ಸಿಗದೆ ಹನಿ ಮಾತ್ರ ಸಿಗುವುದು ಇದೇ ಕಾರಣದಿಂದ.

3. ದಪ್ಪ ಹೋಸು ನೆಲಕ್ಕೆ, ಸಪೂರ ಹೋಸು ಮರಕ್ಕೆ

ಹಾಗಾದರೆ ಎಲ್ಲ ಕಡೆಗೂ 12.5 ಮಿ.ಮೀ. ಹೋಸು ಹಾಕಿದರೆ ಆಯಿತಲ್ಲ ಎಂದು ಕೇಳಬಹುದು. ಆಗದು. ಮರದಲ್ಲಿರುವವರು ಅದರ ಭಾರ ತಾಳಬೇಕಲ್ಲ! 15 ಮೀಟರು ಉದ್ದದ 12.5 ಮಿ.ಮೀ. ಹೋಸಿನಲ್ಲಿ ದ್ರಾವಣವೇ ಸುಮಾರು 1.8 ಲೀಟರು, 8.5 ಮಿ.ಮೀ. ಹೋಸಿನಲ್ಲಿ 0.85 ಲೀಟರು. ಅದಕ್ಕೆ ಹೋಸಿನ ಸ್ವಂತ ತೂಕ ಸೇರಿಸಿ. ಒದ್ದೆ ಮರದಲ್ಲಿ, ಮಳೆಹನಿಯಲ್ಲಿ, ದಿನವಿಡೀ ಎಳೆಯುವ ಕೈಗೆ ಒಂದೊಂದು ಕಿಲೋ ಕೂಡ ದೊಡ್ಡದೇ.

ಆದುದರಿಂದ ನಾವು ಅನುಸರಿಸುವ ಕ್ರಮ ಹೀಗೆ: ಪಂಪಿನಿಂದ ತೋಟದೊಳಗಿನ ತನಕ ನೆಲದ ಮೇಲೆ ಹಾಯುವ ಮುಖ್ಯ ಹೋಸು ದಪ್ಪದ್ದು, ಅದರ ತುದಿಗೆ ಮರ ಹತ್ತುವ 20 ಅಥವಾ 25 ಮೀಟರು ಸಪೂರದ್ದು.

ಲೆಕ್ಕ ನೋಡೋಣ. ಪಂಪು 20 ಕಿಲೋ, ಮರ 15 ಮೀಟರು, ಹರಿವು ನಿಮಿಷಕ್ಕೆ 10 ಲೀಟರು ಎಂದಿರಲಿ. ಪೂರಾ 100 ಮೀಟರು 8.5 ಮಿ.ಮೀ. ಹೋಸೇ ಆದರೆ ಉಜ್ಜಾಟಕ್ಕೆ 13, ಎತ್ತರಕ್ಕೆ 1.5, ಒಟ್ಟು 14.5 ಕಿಲೋ ಹೋಗಿ ಗನ್ನಿನ ಬಳಿ 5.5 ಕಿಲೋ ಉಳಿಯುತ್ತದೆ. 80 ಮೀಟರು 12.5 ಮಿ.ಮೀ., ಅದರ ತುದಿಗೆ 20 ಮೀಟರು 8.5 ಮಿ.ಮೀ. ಹಾಕಿದರೆ ಉಜ್ಜಾಟಕ್ಕೆ 1.6 ಮತ್ತು 2.6, ಎತ್ತರಕ್ಕೆ 1.5, ಒಟ್ಟು 5.7 ಕಿಲೋ. ಗನ್ನಿನ ಬಳಿ 14.3 ಕಿಲೋ ಉಳಿಯಿತು. ಪಂಪು ಅದೇ, ಪೆಟ್ರೋಲು ಅದೇ, ಕೂಲಿ ಅದೇ. ಅಷ್ಟು ಒತ್ತಡ ಬೇಡವಾದರೆ ಪಂಪಿನ ಒತ್ತಡವನ್ನೇ ಇಳಿಸಬಹುದು. ಎಂಜಿನು, ವಾಷರು, ಹೋಸು ಮೂರಕ್ಕೂ ಆಯುಷ್ಯ.

ದಪ್ಪ ಹೋಸಿನಲ್ಲಿ ಕೊನೆಗೆ ಉಳಿಯುವ ಹತ್ತು ಲೀಟರಿಗೂ ಮಿಕ್ಕಿದ ದ್ರಾವಣವನ್ನು ನೆಲಕ್ಕೆ ಚೆಲ್ಲಬೇಕಾಗಿಲ್ಲ. ಡ್ರಮ್ಮಿನ ಮದ್ದು ಮುಗಿದೊಡನೆ ಸಕ್ಷನ್ ಹೋಸನ್ನು ಶುದ್ಧ ನೀರಿಗೆ ಹಾಕಿ ಪಂಪು ನಡೆಸಿದರೆ, ನೀರು ಹಿಂದಿನಿಂದ ತಳ್ಳಿ ಒಳಗಿನ ಮದ್ದನ್ನು ಮರಗಳಿಗೇ ಮುಟ್ಟಿಸುತ್ತದೆ. ಗನ್ನಿನಲ್ಲಿ ಬಣ್ಣ ತೆಳುವಾದಾಗ ನಿಲ್ಲಿಸಿದರಾಯಿತು. ಹೋಸು ತೊಳೆಯುವ ಕೆಲಸವೂ ಅರ್ಧ ಮುಗಿದಂತೆ.

ಹೋಸು ಉದ್ದ ಮಾಡುವ ಬದಲು ಪಂಪನ್ನು ಸರಿಸುವುದು ಇನ್ನೂ ಮೇಲು. ತೋಟದ ಒಂದು ಮೂಲೆಯಲ್ಲಿ ಪಂಪಿಟ್ಟು 120 ಮೀಟರು ಎಳೆಯುವುದಕ್ಕಿಂತ, ನಡುವೆ ಇಟ್ಟು 60 ಮೀಟರು ಎಳೆದರೆ ನಷ್ಟ ನೇರವಾಗಿ ಅರ್ಧವಾಗುತ್ತದೆ.

4. ರಬ್ಬರೋ, ಪ್ಲಾಸ್ಟಿಕ್ಕೋ?

ಪೇಟೆಯಲ್ಲಿ ಮದ್ದಿನ ಹೋಸು ಎಂದರೆ ಹೆಚ್ಚಾಗಿ ಪಿ.ವಿ.ಸಿ.; ಒಳಗೊಂದು ಕೊಳವೆ, ನಡುವೆ ನೂಲಿನ ಹೆಣಿಗೆ, ಹೊರಗೊಂದು ಹೊದಿಕೆ. ಒತ್ತಡ ತಡೆಯುವುದು ಮುಖ್ಯವಾಗಿ ನಡುವಿನ ಹೆಣಿಗೆ. ಮೂರು ಪದರ, ಐದು ಪದರ ಎಂಬ ಹೆಸರಿನಲ್ಲಿ ಮಾರುತ್ತಾರೆ. ಪದರದ ಸಂಖ್ಯೆ ಮಾತ್ರ ನೋಡಿ ಬಲವನ್ನು ಅಳೆಯಬಾರದು. ಹೋಸಿನ ಮೇಲೆ ಅಚ್ಚು ಹಾಕಿದ ಒತ್ತಡವೇ ಪ್ರಮಾಣ. ರಬ್ಬರಿನ ಹೋಸು ತೂಕ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಬಗ್ಗುವುದರಲ್ಲಿ, ಸುರುಳಿ ಬಿಚ್ಚಿದಲ್ಲಿ ಚಪ್ಪಟೆಯಾಗಿ ಮಲಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ತಿಳಿಯುವುದು ಹವೆಯಲ್ಲಿ. ಪಿ.ವಿ.ಸಿ.ಯನ್ನು ಮೆದು ಮಾಡಲು ಅದಕ್ಕೆ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಚಳಿಯಾದಾಗ ಅದು ಬಿರುಸಾಗುತ್ತದೆ, ಸೆಕೆಯಲ್ಲಿ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಅಂಗಡಿಯಲ್ಲಿ ಹಗ್ಗದಂತೆ ಬಗ್ಗಿದ ಹೋಸು ಧನುರ್ಮಾಸದ ಬೆಳಿಗ್ಗೆ, ಅಥವಾ ಘಟ್ಟದ ಮೇಲೆ ಜಡಿಮಳೆಯ ದಿನ, ಬಿದಿರಿನ ಗಳುವಿನಂತೆ ನಿಲ್ಲುವುದುಂಟು. ಆಗ ಬಲವಂತವಾಗಿ ಎಳೆದರೆ ಅದು ಮಡಚಿ ಅಲ್ಲಿಯೇ ಒಂದು ಗೆರೆ ಬೀಳುತ್ತದೆ. ಮುಂದೆ ಒಡೆಯುವುದು ಆ ಗೆರೆಯಲ್ಲಿಯೇ. ಚಳಿಯ ಬೆಳಿಗ್ಗೆ ಹೋಸನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಇಟ್ಟು, ಇಲ್ಲವೇ ಉಗುರು ಬೆಚ್ಚಗಿನ ನೀರು ಹಾಯಿಸಿ, ನಂತರ ಬಿಚ್ಚಬೇಕು. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದಲ್ಲಿ ಕಟ್ಟಡದ ಕೆಲಸ ಮಾಡುವವರು ಪಿ.ವಿ.ಸಿ. ಹೋಸನ್ನು ಬಿಟ್ಟು ರಬ್ಬರನ್ನೋ ಪಾಲಿಯುರಿಥೇನನ್ನೋ ಆರಿಸುವುದು ಇದೇ ಕಾರಣಕ್ಕೆ. ಅಲ್ಲಿಯ ಚಳಿಗೆ ಪಿ.ವಿ.ಸಿ. ಬಿರುಕೇ ಬಿಡುತ್ತದೆ. ನಮಗೆ ಅಷ್ಟು ಚಳಿಯಿಲ್ಲ. ಆದರೆ ಪಾಠ ಒಂದೇ: ಹೋಸನ್ನು ಕೆಲಸ ಮಾಡುವ ಹವೆಯಲ್ಲಿ ಬಗ್ಗಿಸಿ ನೋಡಬೇಕು, ಕೊಳ್ಳುವ ಹವೆಯಲ್ಲಿ ಅಲ್ಲ. ಸಾಧ್ಯವಾದರೆ ಒಂದು ಮೊಳ ತುಂಡನ್ನು ಮನೆಗೆ ತಂದು, ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಬಗ್ಗಿಸಿ ನೋಡಿ.

ಸೆಕೆಯ ಅಪಾಯ ಬೇರೆ ಬಗೆಯದು. ಪಿ.ವಿ.ಸಿ. ಹೋಸಿನ ಮೇಲೆ ಬರೆದ ಒತ್ತಡ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನ ಹವೆಗೆ ಹೇಳಿದ್ದು. ಬಿಸಿಯೇರಿದಂತೆ ತಾಳುವ ಶಕ್ತಿ ಇಳಿಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಅಂಗಳದ ಮೇಲೆ ಕಾದು ಬಿದ್ದ ಹೋಸಿಗೆ ಒಮ್ಮೆಲೇ ಪೂರ್ಣ ಒತ್ತಡ ಕೊಡಬಾರದು. ಮೊದಲು ನೀರು ಹಾಯಿಸಿ ತಣಿಸಬೇಕು.

5. ಅಂಗಡಿಯಲ್ಲಿ ನೋಡತಕ್ಕ ಅಂಶಗಳು

ಒಂದು, ಅಚ್ಚು. ಒಳವ್ಯಾಸ, ಕೆಲಸದ ಒತ್ತಡ, ತಯಾರಕರ ಹೆಸರು ಹೋಸಿನ ಮೈಮೇಲೆ ಇರಬೇಕು. ಏನೂ ಬರೆಯದ ಹೋಸನ್ನು ದನದ ಕೊಟ್ಟಿಗೆ ತೊಳೆಯಲು ಕೊಳ್ಳಬಹುದು, ಮರ ಹತ್ತಿಸಲು ಬೇಡ.

ಎರಡು, ಯಾವ ಒತ್ತಡ ಎಂಬುದು. ಕೆಲಸದ ಒತ್ತಡ ಬೇರೆ, ಒಡೆಯುವ ಒತ್ತಡ ಬೇರೆ. ಒಡೆಯುವ ಒತ್ತಡ ಸಾಮಾನ್ಯವಾಗಿ ಕೆಲಸದ ಒತ್ತಡದ ಮೂರು ಅಥವಾ ನಾಲ್ಕು ಪಟ್ಟು ಇರುತ್ತದೆ. ಅಂಗಡಿಯಲ್ಲಿ ದೊಡ್ಡ ಸಂಖ್ಯೆ ಹೇಳಿದರೆ ಅದು ಯಾವುದೆಂದು ಬಿಡಿಸಿ ಕೇಳಬೇಕು. ಪಿ.ಎಸ್.ಐ. ಲೆಕ್ಕದಲ್ಲಿ ಬರೆದಿದ್ದರೆ 14.2ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ, 600 ಪಿ.ಎಸ್.ಐ. ಎಂದರೆ ಸುಮಾರು 42 ಕಿಲೋ. ನಮ್ಮ ಪಂಪು ಕೊಡಬಲ್ಲ ಗರಿಷ್ಠ ಒತ್ತಡಕ್ಕಿಂತ ಹೋಸಿನ ಕೆಲಸದ ಒತ್ತಡ ಹೆಚ್ಚಿರಬೇಕು. ಗನ್ನು ಮುಚ್ಚಿದ ಕ್ಷಣದಲ್ಲಿ ಒತ್ತಡ ಹಾರುವುದನ್ನು ಮರೆಯಬಾರದು.

ಮೂರು, ಕತ್ತರಿಸಿದ ತುದಿ. ಗೋಡೆಯ ದಪ್ಪ ಸುತ್ತಲೂ ಒಂದೇ ಸಮ ಇದೆಯೇ? ಒಂದು ಮಗ್ಗುಲು ತೆಳ್ಳಗಿದ್ದರೆ ಒಡೆಯುವುದು ಅಲ್ಲಿ. ಒಳಮೈ ನುಣುಪಾಗಿರಬೇಕು. ಪದರಗಳನ್ನು ಉಗುರಿನಿಂದ ಬಿಡಿಸಲು ಬರಬಾರದು.

ನಾಲ್ಕು, ಬಗ್ಗಿಸುವುದು. ಒಂದು ಗೇಣು ಅಗಲದ ಬಳೆಯಂತೆ ಸುತ್ತಿದಾಗ ಹೋಸು ದುಂಡಗೆಯೇ ಉಳಿಯಬೇಕು. ಮಡಚಿ ಚಪ್ಪಟೆಯಾದರೆ, ಅಥವಾ ಬಗ್ಗಿದಲ್ಲಿ ಬಿಳಿಚಿಕೊಂಡರೆ ಬೇಡ.

ಐದು, ತೂಕ ಮತ್ತು ಉದ್ದ. ಒಂದೇ ಅಳತೆಯ ಎರಡು ಸುರುಳಿಗಳಲ್ಲಿ ಒಂದು ತೀರಾ ಹಗುರವಾಗಿದ್ದರೆ ಅದರಲ್ಲಿ ಮಾಲು ಕಡಿಮೆ ಎಂದರ್ಥ. 100 ಮೀಟರು ಎಂದು ಕೊಂಡದ್ದನ್ನು ಮನೆಗೆ ತಂದ ಮೇಲೆ ಅಳೆದು ನೋಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಪಂಪಿಗೆ ದ್ರಾವಣ ಎಳೆಯುವ ಸಕ್ಷನ್ ಹೋಸಿನ ಕೆಲಸ ಇದಕ್ಕೆ ವಿರುದ್ಧ. ಅದು ಉಬ್ಬುವುದಿಲ್ಲ, ಒಳಕ್ಕೆ ಕುಗ್ಗಲು ನೋಡುತ್ತದೆ. ಆದುದರಿಂದ ಗೋಡೆಯಲ್ಲಿ ಸುರುಳಿ ತಂತಿಯೋ ಗಟ್ಟಿ ಬಳೆಯೋ ಇರುವ ಹೋಸನ್ನೇ ಹಾಕಬೇಕು. ಅದರ ಜೋಡಣೆಯಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ಗಾಳಿ ಹೀರಿ, ಪಂಪು ಬಡಿದುಕೊಂಡು, ಒತ್ತಡ ಏರುವುದೇ ಇಲ್ಲ.

6. ಜೋಡಣೆ ಮತ್ತು ಮೈಲುತುತ್ತಿನ ಗುಣ

ಹೋಸು ನಡುವೆ ಒಡೆಯುವುದಕ್ಕಿಂತ ತುದಿಯಲ್ಲಿ ಕಳಚುವುದು ಹೆಚ್ಚು. ಕಪ್ಲಿಂಗು, ಕ್ಲಿಪ್ಪುಗಳನ್ನು ಉಳಿತಾಯದ ಜಾಗ ಮಾಡಿಕೊಳ್ಳಬಾರದು.

ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ನಾವು ಹೊಳೆಯುವ ಚೂರಿಯನ್ನು ಅದ್ದುತ್ತೇವಲ್ಲ, ಅದೇ ಸಾಕ್ಷಿ. ಸುಣ್ಣ ಸಾಲದಿದ್ದರೆ ಚೂರಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟು ಕಬ್ಬಿಣ ಕರಗಿ ಹೋಯಿತು. ಕಬ್ಬಿಣದ ಜೋಡಣೆಯ ಒಳಗೂ ನಡೆಯುವುದು ಇದೇ. ಆದ್ದರಿಂದ ದ್ರಾವಣ ತಾಗುವ ಎಲ್ಲ ಜೋಡಣೆಗಳೂ ಹಿತ್ತಾಳೆಯವಾಗಿರಬೇಕು. ಸುಣ್ಣ ಸರಿಯಾಗಿ ಹಾಕುವುದು ಗೊನೆಗೂ ಹಿತ, ಪಂಪಿಗೂ ಹಿತ. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಿದರೆ ಮರಳು, ಕಲ್ಲು ನಾಝಲಿಗೆ ಸಿಕ್ಕುವುದಿಲ್ಲ.

ಪ್ರತಿ ತುದಿಗೂ ಒಂದರ ಪಕ್ಕ ಒಂದು, ಎರಡು ಕ್ಲಿಪ್ಪು ಹಾಕಿ. ತಿರುಪುಗಳು ಎದುರುಬದುರು ಇರಲಿ. ಕಟ್ಟುವ ತಂತಿಯಿಂದ ಬಿಗಿಯಬಾರದು, ಅದು ಹೋಸನ್ನು ಕೊಯ್ಯುತ್ತದೆ. ಬಿಗಿದ ಬಳಿಕ ಕಪ್ಲಿಂಗಿಗೆ ತಾಗಿದಂತೆ ಹೋಸಿನ ಮೇಲೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಕಪ್ಲಿಂಗಿನಿಂದ ದೂರ ಸರಿದಿದ್ದರೆ ಜೋಡಣೆ ಜಾರುತ್ತಿದೆ ಎಂದು ಮರ ಹತ್ತುವ ಮೊದಲೇ ತಿಳಿಯುತ್ತದೆ. ಗಾಯವಾದ ಹೋಸಿಗೆ ಟೇಪು ಸುತ್ತುವುದು ರಿಪೇರಿಯಲ್ಲ. ಗಾಯದ ಭಾಗವನ್ನು ಕತ್ತರಿಸಿ ತೆಗೆದು ಹಿತ್ತಾಳೆ ಜಾಯಿಂಟು ಹಾಕಬೇಕು. ಆ ಜಾಯಿಂಟು ನೆಲದ ಭಾಗದಲ್ಲಿರಲಿ. ಮರ ಹತ್ತುವ ತುಂಡು ಯಾವಾಗಲೂ ಜಾಯಿಂಟಿಲ್ಲದ ಅಖಂಡ ಹೋಸಾಗಿರಬೇಕು. ಇದು ನಮ್ಮ ಮನೆಯಲ್ಲಿ ಈಗ ಕಟ್ಟಳೆ.

7. ಹತ್ತಿಸುವ ಮೊದಲು ಪರೀಕ್ಷೆ

ಮದ್ದು ಬಿಡುವ ಒಂದು ವಾರ ಮೊದಲು ಹೋಸನ್ನು ಪೂರ್ತಿ ಬಿಚ್ಚಿ ಅಂಗಳದಲ್ಲಿ ಹಾಸಿ, ಶುದ್ಧ ನೀರಿನಿಂದ ಪಂಪು ನಡೆಸಬೇಕು. ಗನ್ನನ್ನು ತೆರೆದಿಟ್ಟು ಒಳಗಿನ ಗಾಳಿಯೆಲ್ಲ ಹೊರಹೋದ ನಂತರ ಮುಚ್ಚಿ. ಒತ್ತಡವನ್ನು ಮೆಲ್ಲಗೆ ಏರಿಸಿ, ದಿನದ ಕೆಲಸದ ಒತ್ತಡಕ್ಕಿಂತ ಸ್ವಲ್ಪ ಮೇಲೆ, ಆದರೆ ಹೋಸಿನ ಮೇಲೆ ಬರೆದ ಕೆಲಸದ ಒತ್ತಡವನ್ನು ದಾಟದಂತೆ, ಹತ್ತು ನಿಮಿಷ ನಿಲ್ಲಿಸಿ. ಎಲ್ಲಿಯಾದರೂ ಉಬ್ಬು, ಬೆವರು, ಬಿರುಕು ಇದೆಯೇ ಎಂದು ದೂರ ನಿಂತು ಕಣ್ಣಿನಿಂದ ನೋಡಿ. ಸೋರುವ ಜಾಗವನ್ನು ಒತ್ತಡವಿರುವಾಗ ಬೆರಳಿನಿಂದ ಮುಟ್ಟಬಾರದು. ಹೆಚ್ಚಿನ ಒತ್ತಡದಲ್ಲಿ ಸೂಜಿರಂಧ್ರದಿಂದ ಚಿಮ್ಮುವ ಧಾರೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಂಪಿನ ಗಾಳಿಗುಮ್ಮಟದಲ್ಲಿ ಗಾಳಿ ಸರಿಯಾಗಿದೆಯೇ ಎಂಬುದನ್ನೂ ನೋಡಿ. ಅದು ಕೆಟ್ಟರೆ ಪಿಸ್ಟನ್ನಿನ ಪ್ರತಿ ಬಡಿತವೂ ಹೋಸಿಗೆ ಸುತ್ತಿಗೆಯ ಪೆಟ್ಟಿನಂತೆ ತಾಗುತ್ತದೆ. ನೆಲದ ಮೇಲೆ ಹೋಸು ಹಾವಿನಂತೆ ನಡುಗುತ್ತಿದ್ದರೆ ಅದೇ ಗುರುತು.

8. ಮರದ ಮೇಲಿನವರ ಕ್ಷೇಮ

ಹೋಸಿನ ಭಾರ ಹತ್ತಿದವರ ಸೊಂಟದ ಮೇಲೆ ಬೀಳಬಾರದು, ಮರದ ಮೇಲೆ ಬೀಳಬೇಕು. ಹೋಸನ್ನು ಮೈಗೆ ಗಂಟುಹಾಕಿ ಕಟ್ಟಿಕೊಳ್ಳಲು ಬಿಡಬೇಡಿ. ಕೆಳಗೆ ಯಾರಾದರೂ ಎಡವಿ ಎಳೆದರೆ ಮನುಷ್ಯನನ್ನೇ ಎಳೆದಂತೆ. ಮರಕ್ಕೆ ಸಿಕ್ಕಿಸುವ ಒಂದು ಕೊಕ್ಕೆಗೆ ಹೋಸನ್ನು ನೇತುಹಾಕಿ, ಗನ್ನಿನ ಬಳಿ ಎರಡು ಮೊಳ ಸಡಿಲ ಬಿಡಬೇಕು. ಕೆಳಗೆ ಪಂಪಿನ ಬಳಿ ಒಬ್ಬರು ಸದಾ ಇರಬೇಕು. ಮೇಲಿನವರ ಕೂಗು ಕೇಳದಷ್ಟು ದೂರವಾದರೆ ನಡುವೆ ಇನ್ನೊಬ್ಬರು. ಕನ್ನಡಕ ಹಾಕಿಕೊಳ್ಳದೆ ಹತ್ತಬಾರದು. ಕಣ್ಣಿಗೆ ಮದ್ದು ಬಿದ್ದರೆ ಕಾಲು ಗಂಟೆಯಾದರೂ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಪಂಪಿನ ಬಳಿ ಒಂದು ಕೊಡ ಶುದ್ಧ ನೀರು ಇದಕ್ಕೆಂದೇ ಇರಲಿ.

ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಮದ್ದು ಬಿಡುವ ಪದ್ಧತಿ ಬಂದಿದೆ. ಹತ್ತುವವರು ಸಿಗದ ಈ ಕಾಲದಲ್ಲಿ ಅದು ದೊಡ್ಡ ಉಪಕಾರ. ದೋಟಿಯ ತುದಿಗೆ ಹೋಗುವ ಹೋಸು ಹಗುರವಾಗಿರಬೇಕಾದ್ದರಿಂದ ಸಪೂರವೇ ಆಗಬೇಕು. ಆಗ ನೆಲದ ಹೋಸು ದಪ್ಪವಿರುವುದು ಇನ್ನೂ ಅಗತ್ಯ. ಒಂದು ಎಚ್ಚರಿಕೆ: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯೂ ಹಾಗೆಯೇ. ತೋಟದ ಮೇಲೆ ಕರೆಂಟಿನ ತಂತಿ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಲೇ ಬಾರದು.

9. ಗಾಳಿಯ ಹೋಸು ಬೇರೆ, ನೀರಿನ ಹೋಸು ಬೇರೆ

ಬಾವಿಯ ಬಂಡೆ ಒಡೆಸಲು ಟ್ರ್ಯಾಕ್ಟರಿನ ಕಂಪ್ರೆಸರು ತರಿಸುವ ಸದಸ್ಯರಿದ್ದಾರೆ. ಅಲ್ಲಿ ಒತ್ತಡ 6 ಅಥವಾ 7 ಕಿಲೋ ಮಾತ್ರ, ನಮ್ಮ ಮದ್ದಿನ ಹೋಸು 40 ಕಿಲೋ ತಾಳುತ್ತದೆ, ಅದನ್ನೇ ಜೋಡಿಸಿದರೇನು ಎಂದು ಕೇಳುವವರುಂಟು. ಕೂಡದು. ನೀರನ್ನು ಅದುಮಲು ಬರುವುದಿಲ್ಲ. ಹೋಸು ಒಡೆದ ಕ್ಷಣವೇ ಒತ್ತಡ ಇಳಿದುಹೋಗುತ್ತದೆ. ಗಾಳಿ ಹಾಗಲ್ಲ. ಅದುಮಿದ ಸ್ಪ್ರಿಂಗಿನಂತೆ ಶಕ್ತಿ ತುಂಬಿಕೊಂಡಿರುತ್ತದೆ. ಕಳಚಿದ ಹೋಸು ಚಾವಟಿಯಂತೆ ಬೀಸಿ ಹೊಡೆಯುತ್ತದೆ. ಹೋಸಿನ ಒಳಗಿನ ಗಾಳಿಯನ್ನು ಬಿಟ್ಟ ಮೇಲೆಯೇ ಪರೀಕ್ಷೆ ಮಾಡಿ ಎಂದು ಮೇಲೆ ಹೇಳಿದ್ದೂ ಇದಕ್ಕೇ. ಕಂಪ್ರೆಸರಿಗೆ ಗಾಳಿಗೆಂದೇ ಮಾಡಿದ, ಬಟ್ಟೆಯ ಹೆಣಿಗೆಯುಳ್ಳ ರಬ್ಬರು ಹೋಸೇ ಬೇಕು. ಪ್ರತಿ ಜೋಡಣೆಗೂ ಕಳಚಿದರೆ ಹಿಡಿದುಕೊಳ್ಳುವ ಸರಪಳಿ ಬೇಕು. ಗಾಳಿಯನ್ನು ಮೈಮೇಲಿನ ಧೂಳು ಹಾರಿಸಲು ಯಾರಿಗೂ ಬಿಡಬಾರದು.

ಗಾಳಿಯ ಜತೆ ತೇವವೂ ಹೋಗುತ್ತದೆ. ಅದುಮಿದ ಗಾಳಿ ಹಿಗ್ಗುವಾಗ ತಣ್ಣಗಾಗುವುದರಿಂದ ನಮ್ಮ ಹವೆಯಲ್ಲಿಯೂ ಕೆಲವೊಮ್ಮೆ ಯಂತ್ರದ ಬಾಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಟ್ಯಾಂಕಿಯ ತಳದ ನೀರನ್ನು ದಿನವೂ ಬಿಟ್ಟರೆ ಈ ತೊಂದರೆ ಕಡಿಮೆ.

10. ಜೋಪಾನ

ಹೋಸಿನ ಶತ್ರುಗಳು ನಾಲ್ಕು: ಬಿಸಿಲು, ಇಲಿ, ಒಣಗಿದ ಮದ್ದು, ಮೊಳೆ.

ದಿನದ ಕೆಲಸ ಮುಗಿದೊಡನೆ ಶುದ್ಧ ನೀರು ಹಾಯಿಸಬೇಕು. ಒಳಗೆ ಒಣಗಿದ ಬೋರ್ಡೋ ಚಕ್ಕೆಯಾಗಿ ಎದ್ದು ಮುಂದಿನ ಸಲ ನಾಝಲಿಗೆ ಸಿಕ್ಕುತ್ತದೆ. ಮರದಲ್ಲಿ ನಿಂತು ನಾಝಲು ಬಿಚ್ಚಿ ಊದುವ ಕಷ್ಟ ಅನುಭವಿಸಿದವರಿಗೇ ಗೊತ್ತು. ವರ್ಷದ ಕೆಲಸ ಮುಗಿದ ಮೇಲೆ ನೀರು ಬಸಿದು, ನೆರಳಲ್ಲಿ ಆರಿಸಿ, ಎರಡು ಅಡಿ ಅಗಲದ ಸುರುಳಿ ಸುತ್ತಿ, ತುದಿಗಳಿಗೆ ಬಿರಡೆ ಹಾಕಿ. ಮೊಳೆಗೆ ನೇತುಹಾಕಿದರೆ ಆ ಒಂದೇ ಬಿಂದುವಿನಲ್ಲಿ ಮಡಚುತ್ತದೆ. ಹಳೆಯ ಟಯರಿನ ರಿಮ್ಮು ಗೋಡೆಗೆ ಬಡಿದು ಅದರ ಮೇಲೆ ಸುತ್ತಿದರೆ ಉತ್ತಮ. ಹಂಚಿನಡಿಯ ಅಟ್ಟ ಸೆಕೆಗೂ ಇಲಿಗೂ ಮನೆ, ಅಲ್ಲಿ ಬೇಡ. ರಬ್ಬರು ಹೋಸಿಗೆ ಡೀಸೆಲ್, ಗ್ರೀಸು ತಾಗಿಸಬೇಡಿ.

ಹೋಸಿನ ತುದಿಗೆ ಕೊಂಡ ವರ್ಷ ಬರೆದು ಕಟ್ಟಿ. ಮರ ಹತ್ತುವ 25 ಮೀಟರನ್ನು ಅನುಮಾನ ಬಂದೊಡನೆ ಬದಲಾಯಿಸಿ. ತೆಗೆದದ್ದನ್ನು ಕೈತೋಟದ ನೀರಿಗೆ ಬಳಸಿದರೆ ನಷ್ಟವಿಲ್ಲ.

ಅಭ್ಯಾಸಕ್ಕೆ ಎರಡು ಲೆಕ್ಕ

ಮೊದಲನೆಯದು: 60 ಮೀಟರು ಉದ್ದದ 8.5 ಮಿ.ಮೀ. ಹೋಸು, 12 ಮೀಟರು ಮರ, ನಿಮಿಷಕ್ಕೆ 10 ಲೀಟರು ಹರಿವು. ಗನ್ನಿನ ಬಳಿ 8 ಕಿಲೋ ಬೇಕಾದರೆ ಪಂಪಿನಲ್ಲಿ ಎಷ್ಟು? ಉತ್ತರ: ಉಜ್ಜಾಟಕ್ಕೆ 7.8, ಎತ್ತರಕ್ಕೆ 1.2, ಗನ್ನಿಗೆ 8. ಒಟ್ಟು 17 ಕಿಲೋ.

ಎರಡನೆಯದು: ಅದೇ ಕೆಲಸಕ್ಕೆ 10 ಮಿ.ಮೀ. ಹೋಸು ಹಾಕಿದರೆ? ಉತ್ತರ: 3.6, 1.2 ಮತ್ತು 8. ಒಟ್ಟು ಸುಮಾರು 13 ಕಿಲೋ. ಉಳಿದ 4 ಕಿಲೋ ಪಂಪಿಗೂ ಹೋಸಿಗೂ ವಿಶ್ರಾಂತಿ.

ತಮ್ಮ ತೋಟದ ಉದ್ದ, ಎತ್ತರ ಹಾಕಿ ಪ್ರತಿಯೊಬ್ಬರೂ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ಕೋರುತ್ತೇವೆ. ಮೃಗಶಿರಾ ಮಳೆಗೆ ಮುಂಚೆ ಒಂದು ಮಧ್ಯಾಹ್ನ ಹೋಸನ್ನು ಅಂಗಳದಲ್ಲಿ ಬಿಚ್ಚಿ ಹಾಸಿದರೆ ಸಾಕು. ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮಳೆಯ ನಡುವೆ ಸಿಗುವ ಬಿಡುವು ಎರಡು ದಿನದ್ದು. ಆ ಎರಡು ದಿನ ಮದ್ದು ಗೊನೆಗೆ ತಲುಪಬೇಕು. ಹತ್ತಿದವರು ಸಂಜೆ ಕ್ಷೇಮವಾಗಿ ಮನೆ ತಲುಪಬೇಕು. ಎರಡೂ ನಮ್ಮದೇ ಜವಾಬ್ದಾರಿ.